ಜೇಧೆಯವರ ಶುಕ್ರವಾರ

ಭೋರ್‌ನಲ್ಲಿ ನಾನಿದ್ದ ಬಾಡಿಗೆ ಕೋಣೆಯ ಗೋಡೆ ಬಿರುಕು ಬಿಟ್ಟದ್ದು ನನ್ನಿಂದಲ್ಲ. ಸಾಮಾನು ಇಳಿಸಿದ ದಿನವೇ ಹಳೆಯ ಡಿಜಿಟಲ್ ಕ್ಯಾಮೆರಾದಲ್ಲಿ ಅದರ ಫೋಟೊ ತೆಗೆದಿಟ್ಟಿದ್ದೆ. ಕೋಣೆ ಬಿಡುವಾಗ ರಿಪೇರಿ ಖರ್ಚನ್ನು ಡಿಪಾಜಿಟ್ಟಿನಲ್ಲಿ ಮುರಿದುಕೊಳ್ಳುತ್ತೇವೆ ಎಂದ ಮಾಲೀಕರಿಗೆ ಅದನ್ನು ತೋರಿಸಿದೆ. ಅವರ ಮಗ ಫೈಲಿನ ವಿವರ ತೆರೆದು ನಕ್ಕ. ತೆಗೆದ ದಿನ: 1 ಜನವರಿ 2008. ಆಗ ನಾನು ಶಿವಮೊಗ್ಗದಲ್ಲಿ ಹೈಸ್ಕೂಲು ಓದುತ್ತಿದ್ದೆ! ಬ್ಯಾಟರಿ ಸತ್ತು ಕ್ಯಾಮೆರಾದ ಗಡಿಯಾರ ಮೊದಲಿಗೆ ಹೋಗಿತ್ತು, ನಾನು ಸರಿಪಡಿಸಿರಲಿಲ್ಲ.

ಫೋಟೊದೊಳಗಿನ ಎಕ್ಸಿಫ್ ಮಾಹಿತಿ ಗಡಿಯಾರ ಹೇಳಿದ್ದನ್ನು ಬರೆದುಕೊಳ್ಳುತ್ತದೆ, ಅಷ್ಟೆ. ಯಾರು ಬೇಕಾದರೂ ತಿದ್ದಬಹುದು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರದಲ್ಲಿ ಫೈಲಿನ ಹ್ಯಾಶ್ ಕೊಡಬೇಕು. ಆಮೇಲೆ ಫೈಲು ಬದಲಾಗಿಲ್ಲ ಎಂದು ಅದರಿಂದ ತಿಳಿದೀತು; ಗಡಿಯಾರ ಸರಿಯಿತ್ತೆಂದು ತಿಳಿಯುವುದಿಲ್ಲ.

ಇದಕ್ಕಿಂತ ಬಹಳ ದೊಡ್ಡ ತಾರೀಖಿನ ಜಗಳವೊಂದಕ್ಕೆ ಇದೇ ಭೋರ್ ತಾಲ್ಲೂಕು ಸಾಕ್ಷಿ ಒದಗಿಸಿದೆ. ಇಲ್ಲಿನ ಕಾರಿ ಗ್ರಾಮದ ಜೇಧೆ ದೇಶಮುಖರ ಮನೆಯಲ್ಲಿ ಒಂದು ಶಕಾವಳಿ ಇತ್ತು. ಯಾವ ಶಕೆ, ಯಾವ ತಿಥಿ, ಏನಾಯಿತು ಎಂದು ಒಂದೆರಡು ಮಾತಿನಲ್ಲಿ ಬರೆದ ಪಟ್ಟಿ. ಈ ಮನೆತನದ ಕಾನ್ಹೋಜಿ, ಬೆಂಗಳೂರನ್ನು ಜಹಗೀರಾಗಿ ಪಡೆದಿದ್ದ ಶಹಾಜಿಯ ಜೊತೆಗಾರ. ಹಾಗಾಗಿ ನಮಗೂ ತೀರಾ ಹೊರಗಿನವರಲ್ಲ. ಲೋಕಮಾನ್ಯ ಟಿಳಕರು 1916ರಲ್ಲಿ ಅದನ್ನು ಪ್ರಕಟಿಸಿದರು. ಬಖರುಗಳ ಆಧಾರದಲ್ಲಿ ಶಿವಾಜಿ ಹುಟ್ಟಿದ್ದು 1627ರಲ್ಲಿ ಎನ್ನುತ್ತಿದ್ದವರ ಮುಂದೆ ಈ ಪಟ್ಟಿ ಬೇರೆಯದನ್ನೇ ಹೇಳಿತು: ಶಕೆ 1551, ಫಾಲ್ಗುಣ ವದ್ಯ ತದಿಗೆ, ಶುಕ್ರವಾರ. ಅಂದರೆ 19 ಫೆಬ್ರುವರಿ 1630.

ನಾನು ಲ್ಯಾಪ್‌ಟಾಪಿನಲ್ಲಿ ಆ ತಾರೀಖು ಹಾಕಿ ನೋಡಿದೆ. ಮಂಗಳವಾರ ಬಂತು. ಜೇಧೆಯವರ ಬ್ಯಾಟರಿಯೂ ಸತ್ತಿತ್ತೇ ಎಂದುಕೊಂಡೆ. ತಪ್ಪು ನನ್ನದೇ. ಇತಿಹಾಸಕಾರರು ಆ ಕಾಲಕ್ಕೆ ಬಳಸುವುದು ಹಳೆಯ ಜೂಲಿಯನ್ ಕ್ಯಾಲೆಂಡರು. ಲ್ಯಾಪ್‌ಟಾಪು ಇಂದಿನ ಗ್ರೆಗೋರಿಯನ್ನನ್ನು ಹಿಂದಕ್ಕೆ ಎಳೆದಿತ್ತು. ನಡುವೆ ಹತ್ತು ದಿನ. 1 ಮಾರ್ಚ್ 1630 ಎಂದು ಹಾಕಿದಾಗ ಶುಕ್ರವಾರವೇ ಬಂತು.

ಇದು ನನಗೆ ಬಹಳ ಹಿಡಿಸಿತು. ಸುಮ್ಮನೆ ಊಹಿಸಿ ಬರೆದಿದ್ದರೆ ತಿಥಿ, ವಾರ ಎರಡೂ ಕೂಡಿಬರುವುದು ಕಷ್ಟ. ಹಾಗೆಂದು ಲೆಕ್ಕ ಬಲ್ಲ ಪಂಚಾಂಗದವನು ಆಮೇಲೆ ಹೊಂದಿಸಿ ಬರೆಯಲಾರ ಎನ್ನಲಾಗದು. ಅದಕ್ಕೇ ಬೇರೆ ಕೈಯ ಸಾಕ್ಷಿ ಬೇಕು. ಶಿವಾಜಿಯ ಸಮಕಾಲೀನ ಕವಿ ಪರಮಾನಂದನ ಸಂಸ್ಕೃತ ಕಾವ್ಯ ‘ಶಿವಭಾರತ’ ಅದೇ ಶಕೆ, ಅದೇ ತಿಥಿ ಕೊಡುತ್ತದೆ. ರಾಜಸ್ಥಾನದಲ್ಲಿ ಸಿಕ್ಕ ಜಾತಕವೂ ಅದೇ ಕಡೆಗಿದೆ. ಈಗ ಮಹಾರಾಷ್ಟ್ರ ಸರ್ಕಾರ ಜಯಂತಿ ಆಚರಿಸುವುದು ಫೆಬ್ರುವರಿ 19ಕ್ಕೆ. ಆದರೂ ತಿಥಿಯನ್ನೇ ಹಿಡಿದವರು ಫಾಲ್ಗುಣದಲ್ಲಿ ಇನ್ನೊಮ್ಮೆ ಮೆರವಣಿಗೆ ತೆಗೆಯುತ್ತಾರೆ.

ನನ್ನ ಫೋಟೊಗೆ ಮರಳಿದೆ. ಬಿರುಕಿನ ಕೆಳಗೆ, ಇನ್ನೂ ಹಗ್ಗ ಬಿಚ್ಚದ ನನ್ನ ರಟ್ಟಿನ ಪೆಟ್ಟಿಗೆಗಳು ಕಾಣುತ್ತಿದ್ದವು. ಟೆಂಪೊದವನ ರಸೀದಿ ಹುಡುಕಿ ತೆಗೆದೆ, ಅದರಲ್ಲಿ ತಾರೀಖಿತ್ತು. ಎರಡನ್ನೂ ಪಕ್ಕಪಕ್ಕ ಇಟ್ಟೆ. ಮಾಲೀಕರು ತುಂಬ ಹೊತ್ತು ನೋಡಿ, ಅರ್ಧ ಖರ್ಚು ಬಿಟ್ಟರು.