ಪಟ್ಟಿಯಿಲ್ಲದ ರಸ್ತೆಯಲ್ಲಿ ಪಾದಚಾರಿಯ ಹಕ್ಕು: ಗೋಕಾಕ, ಮೂಡಲಗಿ, ಹುಕ್ಕೇರಿಗಳ ಹಿನ್ನೆಲೆಯಲ್ಲಿ ಒಂದು ಮರುಪರಿಶೀಲನೆ

ಪಾದಚಾರಿಗಳ ಪರ ವಾದಿಸುವವರು ಗುಜರಾತ್ ರಾಜ್ಯ ರಸ್ತೆ ಸಾರಿಗೆ ನಿಗಮದ 1987ರ ಪ್ರಕರಣವನ್ನು ಮರೆಯುವುದಿಲ್ಲ. ತನ್ನ ತಪ್ಪಿಲ್ಲದೆ ವಾಹನಕ್ಕೆ ಸಿಕ್ಕ ಪಾದಚಾರಿಗೆ, ಚಾಲಕ ನಿರ್ಲಕ್ಷ್ಯ ತೋರಿರಲಿ ಬಿಡಲಿ, ಪರಿಹಾರ ದಕ್ಕಬೇಕು ಎಂಬುದು ಅಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಇ.ಎಸ್. ವೆಂಕಟರಾಮಯ್ಯನವರು ಆಡಿದ ಮಾತಿನ ಸಾರ. ಚರ್ಚೆಯೆಲ್ಲ ನಡೆದಿರುವುದು ಚಾಲಕನ ನಿರ್ಲಕ್ಷ್ಯದ ಸುತ್ತ. ನನಗೆ ತೊಡಕು ಕಾಣುವುದು ಪಾದಚಾರಿಗೆ ಹಾಕಿದ ಷರತ್ತಿನಲ್ಲಿ. ಝೀಬ್ರಾ ಪಟ್ಟಿಯೇ ಇಲ್ಲದ ಕಡೆ ರಸ್ತೆ ದಾಟಿದ್ದು ‘ತನ್ನ ತಪ್ಪು’ ಆಗುತ್ತದೆಯೇ?

ಹಿನ್ನೆಲೆಯನ್ನು ಚುಟುಕಾಗಿ ಹೇಳಬಹುದು. ನಿರ್ಲಕ್ಷ್ಯ ರುಜುವಾಗದೆ ಪರಿಹಾರವಿಲ್ಲ ಎಂದು ಮೀನೂ ಮೆಹ್ತಾ ಪ್ರಕರಣ 1977ರಲ್ಲಿ ಹೇಳಿತು. ಟೈರು ಸಿಡಿದ ಜೀಪು ಪಾದಚಾರಿಗೆ ಬಡಿದ ಕೌಶ್ನುಮಾ ಬೇಗಂ ಪ್ರಕರಣದಲ್ಲಿ, 2001ರಲ್ಲಿ, ತಪ್ಪಿಲ್ಲದಿದ್ದರೂ ಹೊಣೆಯುಂಟು ಎಂಬ ತತ್ವ ಬಂತು. 2007ರ ಮೀನಾ ವರಿಯಾಲ್ ತೀರ್ಪು ಮತ್ತೆ 1977ರ ನಿಲುವಿಗೆ ಮರಳಿತು. ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯ ಕಲಂ 164, 2022ರ ಏಪ್ರಿಲ್ 1ರಿಂದ ಜಾರಿಯಾಗಿ, ಯಾರ ತಪ್ಪನ್ನೂ ಕೇಳದೆ ಸಾವಿಗೆ 5 ಲಕ್ಷ, ತೀವ್ರ ಗಾಯಕ್ಕೆ 2.5 ಲಕ್ಷ ರೂಪಾಯಿ ಗೊತ್ತುಮಾಡಿತು. ಅಲ್ಲಿಗೆ ವಿವಾದ ಮುಗಿಯಿತು ಎನ್ನುವವರ ಮಾತನ್ನು ನಾನು ಒಪ್ಪಲಾರೆ.

ಕಾರಣ ಲೆಕ್ಕದಲ್ಲಿದೆ. ತಿಂಗಳಿಗೆ 15,000 ರೂ. ದುಡಿಯುವ, 35 ವರ್ಷದ, ನಾಲ್ವರು ಅವಲಂಬಿತರಿರುವ ಒಬ್ಬ ಕೂಲಿಕಾರ ಸತ್ತನೆಂದು ಇಟ್ಟುಕೊಳ್ಳೋಣ. ಪ್ರಣಯ್ ಸೇಠಿ ತೀರ್ಪಿನಂತೆ ಮುಂದಿನ ಗಳಿಕೆಗಾಗಿ ಶೇ. 40 ಸೇರಿಸಿ, ಸ್ವಂತ ಖರ್ಚಿಗೆ ನಾಲ್ಕನೇ ಒಂದು ಭಾಗ ಕಳೆದು, ಸರಳಾ ವರ್ಮಾ ತೀರ್ಪಿನ ಗುಣಕ 16ರಿಂದ ಗುಣಿಸಿದರೆ ಅವಲಂಬನೆಯ ನಷ್ಟವೊಂದೇ 30,24,000 ರೂ. ಆಗುತ್ತದೆ. ಇಂಥ ಕುಟುಂಬ, ನಿರ್ಲಕ್ಷ್ಯ ರುಜುವಾತುಪಡಿಸಿ ಪೂರ್ಣ ನಷ್ಟ ಕೇಳುವ ಕಲಂ 166ಕ್ಕೇ ಹೋಗುತ್ತದೆ. ಅಲ್ಲಿ ‘ಸತ್ತವನದೂ ಶೇ. 25 ತಪ್ಪಿದೆ’ ಎಂದು ತೀರ್ಮಾನವಾದರೆ 7,56,000 ರೂ. ಕೈತಪ್ಪುತ್ತದೆ. ಕಲಂ 164 ಕೊಡುವ ಇಡೀ ಮೊತ್ತಕ್ಕಿಂತ ಇದು ಹೆಚ್ಚು. ವಕೀಲರು ಕಾಂಟ್ರಿಬ್ಯೂಟರಿ ನೆಗ್ಲಿಜೆನ್ಸ್ ಎನ್ನುವ ಈ ಪಾಲು ನಿರ್ಲಕ್ಷ್ಯವೇ ಇಂದಿನ ನಿಜವಾದ ಜಗಳದ ಕಣ.

ಈಗ ಊರುಗಳಿಗೆ ಬರೋಣ. ಬೆಳಗಾವಿ ಜಿಲ್ಲೆಯ ಹುಕ್ಕೇರಿ ತಾಲ್ಲೂಕಿನ ಸಂಕೇಶ್ವರ, ಯಮಕನಮರಡಿ, ಹತ್ತರಗಿಗಳ ಮಗ್ಗುಲಲ್ಲಿ ರಾಷ್ಟ್ರೀಯ ಹೆದ್ದಾರಿ 48 ಹಾಯುತ್ತದೆ. ಗೋಕಾಕ, ಮೂಡಲಗಿಗಳಲ್ಲಿ ಕಬ್ಬು ನುರಿಸುವ ಹಂಗಾಮು ಬಂತೆಂದರೆ ಎರಡೆರಡು ಟ್ರ್ಯಾಲಿ ಕಟ್ಟಿಕೊಂಡ ಟ್ರ್ಯಾಕ್ಟರುಗಳು ಊರೊಳಗಿನ ರಸ್ತೆಗಳಲ್ಲೇ ಕಾರ್ಖಾನೆಗೆ ಸಾಗುತ್ತವೆ. ಹೊಲಕ್ಕೆ, ಶಾಲೆಗೆ, ಬಸ್ ಸ್ಟ್ಯಾಂಡಿಗೆ ನಡೆದು ಹೋಗುವವರು ಅದೇ ರಸ್ತೆ ದಾಟಬೇಕು. ಪೇಟೆ ಬಿಟ್ಟು ಹೊರಬಿದ್ದರೆ ಬಿಳಿ ಪಟ್ಟಿ ಕಾಣುವುದು ಅಪರೂಪ.

2017ರ ಮೋಟಾರು ವಾಹನ ಚಾಲನಾ ನಿಯಮಾವಳಿಯ ಪ್ರಕಾರ, ಸಿಗ್ನಲ್ಲಾಗಲಿ ಪೊಲೀಸರಾಗಲಿ ಇಲ್ಲದ ದಾಟುದಾಣದ ಬಳಿ ಚಾಲಕ ವೇಗ ತಗ್ಗಿಸಿ, ನಿಂತು, ಪಾದಚಾರಿಗೆ ದಾರಿ ಬಿಡಬೇಕು. ವಿಮಾ ಕಂಪನಿಯ ಪರ ವಾದ ಇದನ್ನೇ ತಿರುಗಿಸುತ್ತದೆ: ಪಟ್ಟಿಯ ಮೇಲೆ ಹಕ್ಕಿದೆ, ಆದ್ದರಿಂದ ಪಟ್ಟಿಯ ಹೊರಗೆ ತಪ್ಪಿದೆ. ಈ ‘ಆದ್ದರಿಂದ’ಕ್ಕೆ ನಿಯಮದಲ್ಲಿ ಆಧಾರವಿಲ್ಲ. ಪಾದಚಾರಿ, ಸೈಕಲ್ ಸವಾರ, ಮಕ್ಕಳು, ವೃದ್ಧರ ವಿಷಯದಲ್ಲಿ ವಿಶೇಷ ಎಚ್ಚರ ವಹಿಸಬೇಕೆಂದು ಅದೇ ನಿಯಮಾವಳಿ ಚಾಲಕನಿಗೆ ಹೇಳುತ್ತದೆ. ಆ ಕರ್ತವ್ಯ ಬಣ್ಣ ಬಳಿದ ಜಾಗಕ್ಕೆ ಸೀಮಿತವಲ್ಲ. ಸುರಕ್ಷಿತ ಆಯ್ಕೆ ಇದ್ದೂ ಅದನ್ನು ಬಿಟ್ಟಾಗ ಮಾತ್ರ ಬಿಟ್ಟದ್ದು ತಪ್ಪಾಗುತ್ತದೆ. ಆಯ್ಕೆಯೇ ಇಲ್ಲದ ಕಡೆ, ದಾಟಿದ ಸ್ಥಳವೊಂದನ್ನೇ ಹಿಡಿದು ಪಾಲು ನಿರ್ಲಕ್ಷ್ಯ ಹೊರಿಸಲಾಗದು ಎಂಬುದು ನನ್ನ ವಾದ.

ಸಾಕ್ಷ್ಯದ ಕಡೆಯಿಂದಲೂ ಇದಕ್ಕೆ ಬಲವಿದೆ. ಪಾಲು ನಿರ್ಲಕ್ಷ್ಯವನ್ನು ಎತ್ತಿದವರೇ ಅದನ್ನು ಸಾಬೀತುಪಡಿಸಬೇಕು. ಸ್ಥಳ ಪಂಚನಾಮೆಯಲ್ಲಿ ವಾಹನಗಳು ನಿಂತ ಜಾಗವನ್ನಷ್ಟೇ ನೋಡಿ ನಿರ್ಲಕ್ಷ್ಯ ಊಹಿಸಬಾರದೆಂದು ಸುಪ್ರೀಂ ಕೋರ್ಟ್ 2013ರ ಜೀಜು ಕುರುವಿಲಾ ಪ್ರಕರಣದಲ್ಲಿ ಹೇಳಿದೆ. ಅದು ಎರಡು ವಾಹನಗಳ ಡಿಕ್ಕಿ. ಪಾದಚಾರಿಗೂ ಅದೇ ತರ್ಕ ಒಪ್ಪುತ್ತದೆ, ಬಹುಶಃ ಇನ್ನೂ ಹೆಚ್ಚು ಒಪ್ಪುತ್ತದೆ. ಹೊಡೆತಕ್ಕೆ ಬಿದ್ದ ದೇಹ ಎಲ್ಲಿ ಸಿಕ್ಕಿತು ಎಂಬುದು ಆತ ಎಲ್ಲಿಂದ, ಹೇಗೆ ಕಾಲಿಟ್ಟ ಎಂಬುದನ್ನು ಹೇಳುವುದಿಲ್ಲ.

ಇಷ್ಟು ಹೇಳಿದ ಮೇಲೆ ಮಿತಿಗಳನ್ನೂ ಹೇಳಬೇಕು. ನಿಂತ ಬಸ್ಸಿನ ಮುಂದಿನಿಂದ ವಯಸ್ಕನೊಬ್ಬ ಥಟ್ಟನೆ ಓಡಿದರೆ ನನ್ನ ವಾದ ಅವನನ್ನು ಕಾಯದು. ಅಲ್ಲಿ ತಪ್ಪು ಸ್ಥಳದ್ದಲ್ಲ, ನಡೆಯದ್ದು. ಪ್ರವೇಶ ನಿರ್ಬಂಧಿಸಿ ಬೇಲಿ ಹಾಕಿದ ಹೆದ್ದಾರಿ ಭಾಗದಲ್ಲಿ, ಹತ್ತಿರದಲ್ಲೇ ಅಂಡರ್‌ಪಾಸ್ ಇದ್ದರೆ, ಫಲಿತಾಂಶ ಬೇರೆಯಾಗಬಹುದು. ಆ ಅಂಡರ್‌ಪಾಸಿನಲ್ಲಿ ಮಳೆಗಾಲದಲ್ಲಿ ಮೊಣಕಾಲುದ್ದ ನೀರು ನಿಲ್ಲುತ್ತಿದ್ದರೆ ಅದೂ ಆಯ್ಕೆಯೇ ಎಂದು ಕೇಳಬೇಕಾಗುತ್ತದೆ. ಚಾಲಕನ ಕ್ರಿಮಿನಲ್ ಹೊಣೆ, ಅಂದರೆ ಭಾರತೀಯ ನ್ಯಾಯ ಸಂಹಿತೆಯ ಕಲಂ 106(1), ಈ ವಾದದ ವ್ಯಾಪ್ತಿಯಲ್ಲಿಲ್ಲ. ಅಲ್ಲಿನ ರುಜುವಾತಿನ ಮಟ್ಟವೇ ಬೇರೆ.

ಪಟ್ಟಿ ಹಾಕದವರ ಹೊಣೆ ಏನು ಎಂಬುದು ಇನ್ನೂ ಇತ್ಯರ್ಥವಾಗಬೇಕಾದ ಪ್ರಶ್ನೆ. ಮೋಟಾರು ಅಪಘಾತ ಪರಿಹಾರ ನ್ಯಾಯಾಧಿಕರಣದ ತೀರ್ಪಿನ ಬಗೆಗಿನ ಕಲಂ 168 ಮಾಲೀಕ, ಚಾಲಕ, ವಿಮಾದಾರರನ್ನಷ್ಟೇ ಹೆಸರಿಸುತ್ತದೆ. ಆದರೆ ಕಾವಲಿಲ್ಲದ ರೈಲ್ವೆ ಗೇಟಿನ ಅಪಘಾತದಲ್ಲಿ ರೈಲ್ವೆಯನ್ನೂ ಇದೇ ನ್ಯಾಯಾಧಿಕರಣದ ಮುಂದೆ ಜಂಟಿ ಹೊಣೆಗಾರನನ್ನಾಗಿ ತರಬಹುದೆಂದು 1997ರಲ್ಲಿ ಸುಪ್ರೀಂ ಕೋರ್ಟ್ ಒಪ್ಪಿತ್ತು. ಆ ದಾರಿಯಲ್ಲಿ ಲೋಕೋಪಯೋಗಿ ಇಲಾಖೆಯನ್ನೋ ನಗರಸಭೆಯನ್ನೋ ಗೋಕಾಕ, ಹುಕ್ಕೇರಿಗಳ ನ್ಯಾಯಾಧಿಕರಣದ ಮುಂದೆ ನಿಲ್ಲಿಸಬಹುದೇ, ರಸ್ತೆ ವಿನ್ಯಾಸದ ಲೋಪಕ್ಕೆ ದಂಡ ವಿಧಿಸುವ ಕಲಂ 198-ಎ ಅಂಥ ವಾದಕ್ಕೆ ಊರುಗೋಲಾದೀತೇ ಎಂಬುದು ಪ್ರತ್ಯೇಕ ಅಧ್ಯಯನ ಬೇಡುವ ವಿಷಯ.