ಒರತೆ ಬತ್ತಿದಾಗ ಉಳಿದ ಜೇಡ

ಹಳೆಯ ಕನ್ನಡದಲ್ಲಿ ಜೇಡ ಎಂದರೆ ನೇಕಾರ. ಜೇಡರ ದಾಸಿಮಯ್ಯನ ಹೆಸರಿನಲ್ಲಿ ಇರುವುದು ಆ ಅರ್ಥವೇ. ಆದರೆ ಬೇಟೆಗಾಗಿ ಬಲೆ ನೇಯದ ಜೇಡಗಳೂ ಇವೆ. ಅಂಥದ್ದೊಂದು ನೀರಂಚಿನ ಜೇಡದ ಚರಿತ್ರೆಯನ್ನು ಕೋಗಿಲಿನಲ್ಲಿ ಕೂತು ಓದುತ್ತಾ ಹೋದಂತೆ, ನಾನು ಓದುತ್ತಿರುವುದು ಒಂದು ಕೊಳವೆಬಾವಿಯ ಚರಿತ್ರೆ ಎನಿಸತೊಡಗಿತು. ಬೆಂಗಳೂರಿನ ಉತ್ತರದ ಅಂಚಿನಲ್ಲಿ ಬದುಕುವವರಿಗೆ ಈ ಕಥೆ ದೂರದ್ದಲ್ಲ.

ಈ ಜೇಡದ ವೈಜ್ಞಾನಿಕ ಹೆಸರು ಡೊಲೊಮಿಡಿಸ್ ಪ್ಲಾಂಟೇರಿಯಸ್. 1757ರಲ್ಲಿ ಸ್ವೀಡನ್ನಿನ ಕಾರ್ಲ್ ಕ್ಲರ್ಕ್ ತನ್ನ ಜೇಡಗಳ ಪುಸ್ತಕದಲ್ಲಿ ಇದನ್ನು ವರ್ಣಿಸಿದ. ಪ್ರಾಣಿಗಳ ವೈಜ್ಞಾನಿಕ ನಾಮಕರಣ ಶುರುವಾಗುವುದು ಲಿನೇಯಸ್‌ನ 1758ರ ಗ್ರಂಥದಿಂದ. ಅದಕ್ಕೂ ಮೊದಲಿನದಾಗಿದ್ದರೂ ಕ್ಲರ್ಕ್ ಕೊಟ್ಟ ಹೆಸರುಗಳಿಗೆ ಮಾತ್ರ ವಿನಾಯಿತಿಯಿದೆ. ಅಷ್ಟು ಹಿಂದೆಯೇ ಹೆಸರು ಪಡೆದ ಈ ಜೇಡ ಬ್ರಿಟನ್ನಿನಲ್ಲಿಯೂ ಇದೆಯೆಂದು ಗೊತ್ತಾಗಲು ಸುಮಾರು ಇನ್ನೂರು ವರ್ಷ ಬೇಕಾಯಿತು. 1956ರಲ್ಲಿ ಎರಿಕ್ ಡಫಿ ಎಂಬ ಜೇಡತಜ್ಞ ಇಂಗ್ಲೆಂಡಿನ ಸಫಕ್ ಪ್ರಾಂತ್ಯದ ರೆಡ್‌ಗ್ರೇವ್ ಮತ್ತು ಲೋಫಮ್ ಫೆನ್‌ನಲ್ಲಿ ಇದನ್ನು ಕಂಡರು. ಫೆನ್ ಎಂದರೆ ನೆಲದೊಳಗಿನ ಒರತೆಯಿಂದ ವರ್ಷವಿಡೀ ತೇವವಾಗಿರುವ ಜೌಗು.

ಹೆಣ್ಣು ಜೇಡದ ಮೈಯಷ್ಟೇ ಎರಡು ಸೆಂಟಿಮೀಟರಿಗಿಂತ ಉದ್ದ. ಹಿಂಗಾಲು ಗಿಡದ ಮೇಲೆ, ಮುಂಗಾಲು ನೀರಿನ ಮೇಲೆ ಇಟ್ಟು ಅಲುಗದೆ ಕೂರುತ್ತದೆ. ನೀರೇ ಅದರ ಬಲೆ. ಹುಳು ಬಿದ್ದರೆ, ಗೊದಮೊಟ್ಟೆ ಅಲುಗಿದರೆ ಆ ಕಂಪನ ಕಾಲಿಗೆ ತಾಗುತ್ತದೆ. ಸಣ್ಣ ಮೀನನ್ನೂ ಹಿಡಿಯಬಲ್ಲದು. ಅಪಾಯ ಕಂಡರೆ ನೀರೊಳಗೆ ಮುಳುಗುತ್ತದೆ. ತಾಯಿ ಮೊಟ್ಟೆಯ ಚೀಲವನ್ನು ಬಾಯಲ್ಲಿ ಹೊತ್ತು ಸುಮಾರು ಮೂರು ವಾರ ತಿರುಗುತ್ತದೆ. ಮರಿ ಹೊರಬರುವ ಹೊತ್ತಿಗೆ ನೀರಿನ ಮೇಲಿನ ಗಿಡಕ್ಕೆ ಒಂದು ಗುಡಾರ ನೇಯುತ್ತದೆ. ಅದು ನೇಯುವ ಬಲೆ ಬೇಟೆಗಲ್ಲ, ತೊಟ್ಟಿಲಿಗೆ.

ಡಫಿ ಕಂಡುಹಿಡಿದ ಕೆಲವೇ ವರ್ಷಗಳಲ್ಲಿ, 1960ರ ಸುಮಾರಿಗೆ, ಜೌಗಿನ ಪಕ್ಕದಲ್ಲೇ ಕುಡಿಯುವ ನೀರಿಗೆಂದು ಕೊಳವೆಬಾವಿ ಕೊರೆದರು. ಒರತೆಗಳು ನಿಂತವು. ಜೌಗು ಒಣಗಿತು, ಪೊದೆ ಹಬ್ಬಿತು. ಹಿಂದೆ ಜನ ಉರುವಲಿಗೆಂದು ಪೀಟ್ ಮಣ್ಣು ಅಗೆದ ಹೊಂಡಗಳಷ್ಟೇ ಜೇಡಕ್ಕೆ ಆಸರೆಯಾಗಿ ಉಳಿದವು. 1976ರ ಬರದಲ್ಲಿ ಅವೂ ಬತ್ತಲಾರಂಭಿಸಿದವು. 1981ರಲ್ಲಿ ಬ್ರಿಟನ್ ವನ್ಯಜೀವಿ ಕಾಯ್ದೆ ತಂದು ಈ ಜೇಡಕ್ಕೆ ರಕ್ಷಣೆ ಕೊಟ್ಟಿತು. ಜೇಡವನ್ನು ಹಿಡಿದರೆ, ಕೊಂದರೆ ಅಪರಾಧ. ಹಿಡಿಯುವವರು ಯಾರೂ ಇರಲಿಲ್ಲ. ನೀರೆಳೆಯುವ ಪಂಪ್ ಮಾತ್ರ ಓಡುತ್ತಲೇ ಇತ್ತು. ಹೊಂಡಗಳನ್ನು ಆಳ ಮಾಡಿ, ಪೈಪಿನಲ್ಲಿ ನೀರು ಹಾಯಿಸಿ ಜೇಡದ ಜೀವ ಹಿಡಿದಿಡಬೇಕಾಯಿತು.

ಕೊಳವೆಬಾವಿಯನ್ನು ಬೇರೆಡೆಗೆ ಸ್ಥಳಾಂತರಿಸಿ, ಅಲ್ಲಿದ್ದುದನ್ನು ಮುಚ್ಚಿದ್ದು 1999ರಲ್ಲಿ. ಒರತೆಗಳು ಮರಳಿದವು. ಜೇಡ ಮಾತ್ರ ತಕ್ಷಣ ಮರಳಲಿಲ್ಲ. ಎಷ್ಟೋ ವರ್ಷ ಜೌಗಿನ ಒಂದೆರಡು ಮೂಲೆಗಳನ್ನು ಬಿಟ್ಟು ಕದಲಲಿಲ್ಲ. ನಲವತ್ತು ವರ್ಷ ಒಣಗಿದ ನೆಲ ಒಂದು ಮಳೆಗಾಲಕ್ಕೆ ಜೌಗಾಗುವುದಿಲ್ಲ. 2010ರ ನಂತರ ಹೆಲೆನ್ ಸ್ಮಿತ್ ಎಂಬ ವಿಜ್ಞಾನಿ ಸಾವಿರಾರು ಮರಿಗಳನ್ನು ಒಂದೊಂದು ಪ್ರನಾಳದಲ್ಲಿ ಒಂದೊಂದರಂತೆ ತನ್ನ ಮನೆಯ ಅಡುಗೆಮನೆಯಲ್ಲೇ ಸಾಕಿದರು. ಒಟ್ಟಿಗಿಟ್ಟರೆ ಒಂದನ್ನೊಂದು ತಿನ್ನುತ್ತವೆ. ಹಣ್ಣಿನ ನೊಣ ಕೊಟ್ಟು ಬೆಳೆಸಿದ ಆ ಮರಿಗಳನ್ನು ಹೊಸ ಜೌಗುಗಳಿಗೆ ಬಿಟ್ಟರು. ಇಂದು ಆ ಹೊಸ ನೆಲೆಗಳಲ್ಲಿ ಅವು ತಾವಾಗಿಯೇ ಹೆಚ್ಚುತ್ತಿವೆ.

ಈಗ ನಮ್ಮ ಕಡೆ ನೋಡೋಣ. 1896ರಲ್ಲಿ ಹೆಸರಘಟ್ಟದಿಂದ ಬೆಂಗಳೂರಿಗೆ ಕೊಳವೆಯಲ್ಲಿ ನೀರು ಬಂತು. 1930ರ ದಶಕದಲ್ಲಿ ತಿಪ್ಪಗೊಂಡನಹಳ್ಳಿ, 1974ರಲ್ಲಿ ಕಾವೇರಿ. ನಲ್ಲಿಯ ನೀರು ದೂರದಿಂದ ಬಂದಂತೆಲ್ಲ ಊರ ಕೆರೆಯ ತೂಬು, ಕೋಡಿ, ಹೂಳಿನ ಮೇಲೆ ಕಣ್ಣಿಡುವವರು ಕಡಿಮೆಯಾದರು. ನಲ್ಲಿ ಬಾರದ ಬಡಾವಣೆಗಳು ಕೊಳವೆಬಾವಿ ಕೊರೆದವು. ಯಲಹಂಕ, ಅಲ್ಲಾಳಸಂದ್ರ, ಜಕ್ಕೂರು, ರಾಚೇನಹಳ್ಳಿ ಕೆರೆಗಳದ್ದು ಒಂದೇ ಸಾಲು. ಒಂದರ ಕೋಡಿಯ ನೀರು ಮುಂದಿನದಕ್ಕೆ. ಇಂಥ ಸಾಲಿನಲ್ಲಿ ಒಂದು ಕಡೆ ಕಾಲುವೆ ಮುಚ್ಚಿದರೆ ಕೆಳಗಿನದೆಲ್ಲ ಬದಲಾಗುತ್ತದೆ.

ಕೋಗಿಲು ಕೆರೆಯ ಅಂಚಿನಲ್ಲಿ, ಕಾಲುಗಳನ್ನು ಉದ್ದಕ್ಕೆ ಚಾಚಿ ಜೊಂಡಿನ ಎಲೆಗೆ ಅಂಟಿದಂತೆ ಕೂರುವ ಜೇಡಗಳನ್ನು ನಾನು ನೋಡಿದ್ದೇನೆ. ಒದ್ದೆ ಮಣ್ಣಿನ ಮೇಲೆ ಓಡಾಡುವ ತೋಳ ಜೇಡಗಳೂ ಇವೆ. ಗದ್ದೆಯಲ್ಲಿ ಕಂದು ಜಿಗಿಹುಳುವನ್ನು ತಿಂದು ಭತ್ತ ಕಾಯುವ ವಂಶದವು. ಇವಕ್ಕೆ ಬೇಕಾದ್ದು ಕೆರೆಯ ನಡುವಿನ ಆಳವಲ್ಲ. ನೀರೂ ಅಲ್ಲದ, ನೆಲವೂ ಅಲ್ಲದ ಅಂಚು. ಕೆರೆ ಅಭಿವೃದ್ಧಿಯ ಹೆಸರಿನಲ್ಲಿ ನಾವು ಮೊದಲು ಕಳೆಯುವುದು ಅದನ್ನೇ. ಬಟ್ಟಲಿನಂತೆ ತೋಡಿ, ಸುತ್ತ ಕಲ್ಲು ಕಟ್ಟಿ, ಮೇಲೆ ನಡಿಗೆಯ ಹಾದಿ ಹಾಕಿದರೆ ಕೆರೆ ತುಂಬಿರುತ್ತದೆ, ಅಂಚು ಇರುವುದಿಲ್ಲ.

ನಮ್ಮ ಪಕ್ಕದ ಯಲಹಂಕ ಪುಟ್ಟೇನಹಳ್ಳಿ ಕೆರೆಗೆ 2015ರಲ್ಲಿ ಸಂರಕ್ಷಿತ ಪ್ರದೇಶದ ಮಾನ್ಯತೆ ಸಿಕ್ಕಿತು, ಹಕ್ಕಿಗಳ ಹೆಸರಿನಲ್ಲಿ. ಹಕ್ಕಿಯ ನೆರಳಿನಲ್ಲಿ ಅಲ್ಲಿನ ಜೇಡವೂ ಬದುಕುತ್ತದೆ, ಒಳ್ಳೆಯದೇ. ಆದರೆ ರೆಡ್‌ಗ್ರೇವ್‌ನಲ್ಲಿ ಕೊಳವೆಬಾವಿಯ ವಿರುದ್ಧ ಮಾತಾಡುವವರ ಕೈಯಲ್ಲಿ 1956ರ ಒಂದು ದಾಖಲೆಯಿತ್ತು: ಇಲ್ಲಿ ಇದು ಇತ್ತು. ನಮ್ಮ ಕೆರೆಗಳ ವಿಷಯದಲ್ಲಿ ಆ ಸಾಲನ್ನು ಇನ್ನೂ ಬರೆಯಬಹುದು. ಅದಕ್ಕೆ ಬೇಕಿರುವುದು ಒಂದು ನೋಟುಬುಕ್ಕು, ಒಂದು ಭೂತಗನ್ನಡಿ, ಮತ್ತು ವರ್ಷಕ್ಕೊಂದಷ್ಟು ಬೆಳಗುಗಳು. ಇದನ್ನು ಓದುತ್ತಿರುವ ವಿದ್ಯಾರ್ಥಿಗಳಲ್ಲಿ ಒಬ್ಬಿಬ್ಬರಾದರೂ ತಮ್ಮ ಊರ ಕೆರೆಯ ಅಂಚಿನಿಂದ ಶುರುಮಾಡಲಿ.