ಹಳೆಯ ಜೀಪಿನ ಹಠ

ನಮ್ಮ ಭಾವನವರ ಹತ್ತಿರ ಒಂದು ಜೀಪು ಇದೆ. ಇದೆ ಎಂದರೆ, ಮೂರು ವರ್ಷಗಳ ಕಾಲ ಅದು ಅವರ ಮನೆಯ ಹಿಂದಿನ ಅಡಿಕೆ ಚಪ್ಪರದ ಅಡಿಯಲ್ಲಿ ಅಂಗಾಂಗ ಬೇರೆಯಾಗಿ ಬಿದ್ದಿತ್ತು. ಎಂಜಿನ್ನು ಒಂದು ಮೂಲೆಯಲ್ಲಿ, ಗೇರುಪೆಟ್ಟಿಗೆ ಇನ್ನೊಂದು ಮೂಲೆಯಲ್ಲಿ, ನಟ್ಟು ಬೋಲ್ಟುಗಳು ಒಡಕು ಉಪ್ಪಿನಕಾಯಿ ಭರಣಿಗಳಲ್ಲಿ. ನಮ್ಮ ಅಕ್ಕ ಅದನ್ನು ‘ನಿನ್ನ ಭಾವನ ಎರಡನೆಯ ಸಂಸಾರ’ ಎನ್ನುತ್ತಿದ್ದಳು. ಕಳೆದ ವರ್ಷ ಆ ಸಂಸಾರ ಒಂದು ದಡ ಮುಟ್ಟಿತು. ಜೀಪು ಎದ್ದು ನಿಂತಿತು, ಓಡಿತು. ಆದರೆ ಪೂರ್ತಿ ಗುಣವಾಯಿತೆಂದು ಹೇಳುವಂತಿರಲಿಲ್ಲ. ಬೆಳಿಗ್ಗೆ ಸ್ಟಾರ್ಟ್ ಮಾಡಿದರೆ ನರಳುವುದು. ಐದಾರು ಕಿಲೋಮೀಟರು ಹೋದ ಮೇಲೆ ಕಾರಣವಿಲ್ಲದೆ ನಿಂತುಬಿಡುವುದು. ಹೊಸ ಸೀಲು ಹಾಕಿದ ಜಾಗದಿಂದಲೇ ಆಯಿಲು ತೊಟ್ಟಿಕ್ಕುವುದು. ಹೀಗೆ ಉಳಿದುಕೊಂಡ ರೋಗಗಳ ಬೆನ್ನು ಹತ್ತಿ ಹೋದಾಗ ನನಗೆ ಒಂದು ವಿಷಯ ಮನದಟ್ಟಾಯಿತು. ಈ ಗಾಡಿಯ ಒಂದೊಂದು ಹಠಕ್ಕೂ ಒಂದೊಂದು ಚರಿತ್ರೆಯಿದೆ. ಆ ಚರಿತ್ರೆಯನ್ನು ತಿಳಿಯದೆ ಮಾಡಿದ ರಿಪೇರಿ ಬಣ್ಣ ಬಳಿದಂತೆಯೇ ಸರಿ.

ಜೀಪು ಹುಟ್ಟಿದ್ದು ಅವಸರದಲ್ಲಿ. 1940ರ ಜೂನಿನಲ್ಲಿ ಫ್ರಾನ್ಸು ಜರ್ಮನಿಗೆ ಶರಣಾಯಿತು. ಇನ್ನೂ ಯುದ್ಧಕ್ಕೆ ಇಳಿಯದಿದ್ದ ಅಮೆರಿಕದ ಸೇನೆಗೆ ಆಗ ಎಚ್ಚರವಾಯಿತು. ಕುದುರೆಯ ಮತ್ತು ಮೋಟಾರು ಸೈಕಲ್ಲಿನ ಕೆಲಸ ಮಾಡಬಲ್ಲ, ನಾಲ್ಕೂ ಚಕ್ರಗಳಿಗೆ ಎಂಜಿನ್ನಿನ ಬಲ ಮುಟ್ಟುವ ಒಂದು ಪುಟ್ಟ ಗಾಡಿ ಬೇಕೆಂದು ಜುಲೈ ತಿಂಗಳಲ್ಲಿ 135 ಕಂಪೆನಿಗಳಿಗೆ ಪತ್ರ ಹೋಯಿತು. ಷರತ್ತು ವಿಚಿತ್ರವಾಗಿತ್ತು: ಗಾಡಿಯ ತೂಕ 1,300 ಪೌಂಡು ಮೀರಕೂಡದು, ಮೊದಲ ಗಾಡಿ 49 ದಿನಗಳಲ್ಲಿ ಸಿದ್ಧವಾಗಬೇಕು. 49 ದಿನಗಳಲ್ಲಿ ಕೊಡುತ್ತೇವೆಂದು ಮಾತು ಕೊಟ್ಟದ್ದು ಪೆನ್ಸಿಲ್ವೇನಿಯದ ಬಟ್ಲರ್ ಎಂಬ ಊರಿನ, ದಿವಾಳಿಯ ಅಂಚಿನಲ್ಲಿದ್ದ ಬ್ಯಾಂಟಮ್ ಕಂಪೆನಿ ಒಂದೇ. ಕಾರ್ಲ್ ಪ್ರಾಬ್‌ಸ್ಟ್ ಎಂಬ ಎಂಜಿನಿಯರು ಎರಡು ದಿನಗಳಲ್ಲಿ ನಕ್ಷೆ ಬರೆದರು. ಸೆಪ್ಟೆಂಬರ್ 23ರಂದು, ಗಡುವು ಮುಗಿಯಲು ಅರ್ಧ ಗಂಟೆ ಇರುವಾಗ, ಆ ಗಾಡಿ ಮೇರಿಲ್ಯಾಂಡಿನ ಹೋಲಬರ್ಡ್ ಶಿಬಿರವನ್ನು ತಲುಪಿತು.

ಬ್ಯಾಂಟಮ್ ಬಡ ಕಂಪೆನಿ. ಸೇನೆಗೆ ಬೇಕಾದದ್ದು ಲಕ್ಷಗಟ್ಟಲೆ ಗಾಡಿ. ಸೇನೆಯು ಬ್ಯಾಂಟಮ್ಮಿನ ನಕ್ಷೆಗಳನ್ನು ವಿಲಿಸ್ ಮತ್ತು ಫೋರ್ಡ್ ಕಂಪೆನಿಗಳ ಕೈಗೂ ಕೊಟ್ಟಿತು. ಟೊಲೀಡೊದ ವಿಲಿಸ್ ಕಂಪೆನಿಯಲ್ಲಿ ಡೆಲ್ಮಾರ್ ರೂಸ್ ಎಂಬವರು ಸುಧಾರಿಸಿದ ಒಂದು ಎಂಜಿನ್ನಿತ್ತು. 2.2 ಲೀಟರಿನ ಅದು 60 ಕುದುರೆಶಕ್ತಿ ಕೊಡುತ್ತಿತ್ತು. ಶಕ್ತಿಯೇನೋ ಬಂತು, ಜೊತೆಗೆ ಭಾರವೂ ಬಂತು. ಸೇನೆ ತೂಕದ ಮಿತಿಯನ್ನು 2,160 ಪೌಂಡಿಗೆ ಏರಿಸಿದರೂ ವಿಲಿಸ್ ಗಾಡಿ ಅದನ್ನೂ ಮೀರಿತು. ರೂಸ್ ಅವರು ಬೋಲ್ಟುಗಳ ಉದ್ದ ಕತ್ತರಿಸಿ, ತಗಡನ್ನು ತೆಳುಮಾಡಿ, ಬಳಿಯುವ ಬಣ್ಣದ ತೂಕವನ್ನೂ ಲೆಕ್ಕ ಹಾಕಿದರೆಂದು ಹೇಳುತ್ತಾರೆ. 1941ರ ಜುಲೈಯಲ್ಲಿ ಕಂತ್ರಾಟು ವಿಲಿಸ್ ಪಾಲಿಗೆ ಬಂತು. ಅದೇ ಮಾದರಿಯನ್ನು ಫೋರ್ಡ್ ಕೂಡ ತಯಾರಿಸಲು ಒಪ್ಪಂದವಾಯಿತು. ಯುದ್ಧ ಮುಗಿಯುವುದರೊಳಗೆ ವಿಲಿಸ್ ಸುಮಾರು 3,60,000, ಫೋರ್ಡ್ ಸುಮಾರು 2,80,000 ಜೀಪುಗಳನ್ನು ಕಟ್ಟಿದ್ದುವು. ಮೊದಲು ದಾರಿ ತೋರಿದ ಬ್ಯಾಂಟಮ್ ಕೆಲವು ಸಾವಿರ ಗಾಡಿಗಳನ್ನು ಮಾಡಿ, ಕೊನೆಗೆ ಜೀಪಿನ ಹಿಂದೆ ಎಳೆಯುವ ಟ್ರೈಲರುಗಳನ್ನು ಮಾಡುವ ಕೆಲಸಕ್ಕೆ ಇಳಿಯಿತು.

ಸೇನೆಯ ಕಟ್ಟಪ್ಪಣೆ ಇನ್ನೊಂದಿತ್ತು. ವಿಲಿಸ್ ಮಾಡಿದ ಭಾಗ ಫೋರ್ಡಿಗೆ ಕೂಡಬೇಕು. ಫೋರ್ಡಿನದು ವಿಲಿಸ್‌ಗೆ ಕೂಡಬೇಕು. ಫೋರ್ಡಿನವರು ಒಪ್ಪಿದರು, ಆದರೆ ತಾವು ಮಾಡಿದ ಭಾಗಗಳ ಮೇಲೆ, ಸಣ್ಣ ಬೋಲ್ಟಿನ ತಲೆಯ ಮೇಲೂ, ‘ಎಫ್’ ಎಂಬ ಅಕ್ಷರ ಒತ್ತಿದರು. ಭಾವನವರ ಜೀಪಿನ ಚಾಸಿಯ ಮುಂದಿನ ಅಡ್ಡದಂಡ ಉರುಟಾದ ಕೊಳವೆ. ಅದು ವಿಲಿಸ್‌ನ ಗುರುತು. ಎಂಜಿನ್ನಿನ ಮೇಲಾದರೋ ಫೋರ್ಡಿನ ಮುದ್ರೆ! ಭಾವನವರು ಮೊದಲು ಮುಖ ಸಣ್ಣದು ಮಾಡಿಕೊಂಡರು, ಯಾರೋ ಮೋಸ ಮಾಡಿದರೆಂದು. ಮೋಸವಲ್ಲ. ಯುದ್ಧಕಾಲದಲ್ಲಿ ಪೆಟ್ಟುತಿಂದ ಜೀಪುಗಳನ್ನು ಸೇನೆಯ ಕಾರ್ಖಾನೆಗಳೇ ಬಿಚ್ಚಿ, ಕೈಗೆ ಸಿಕ್ಕ ಒಳ್ಳೆಯ ಭಾಗಗಳನ್ನು ಕೂಡಿಸಿ, ಮತ್ತೆ ಕಳುಹಿಸುತ್ತಿದ್ದುವು. ಕಲಬೆರಕೆ ಈ ವಂಶದ ಕುಲಧರ್ಮವೇ ಆಗಿತ್ತು.

ಭಾರತಕ್ಕೆ ಜೀಪು ಬಂದದ್ದು ಯುದ್ಧದ ಜೊತೆಗೆ. ಅಸ್ಸಾಮಿನಿಂದ ಬರ್ಮಾದ ಕಡೆಗೆ ಕಡಿದ ಕಾಡುದಾರಿಗಳಲ್ಲಿ ಅದು ಕೆಸರು ಕಂಡಿತು. ಯುದ್ಧ ಮುಗಿದ ಮೇಲೆ ಉಳಿದವು ಹರಾಜಿಗೆ ಬಂದು ತೋಟದವರ, ಗುತ್ತಿಗೆದಾರರ, ಬೇಟೆಯ ಹುಚ್ಚಿನವರ ಪಾಲಾದುವು. 1948ರಲ್ಲಿ ಕಾಶ್ಮೀರದ ಕಾಳಗಕ್ಕಾಗಿ ಜೀಪುಗಳು ತುರ್ತಾಗಿ ಬೇಕಾದಾಗ, ಲಂಡನ್ನಿನಲ್ಲಿ ನಮ್ಮ ಹೈಕಮಿಷನರಾಗಿದ್ದ ಕೃಷ್ಣ ಮೆನನ್ ಅವರು ರಿಪೇರಿ ಮಾಡಿದ 2,000 ಹಳೆಯ ಜೀಪುಗಳಿಗೆ ಒಪ್ಪಂದ ಮಾಡಿಕೊಂಡರು. ಬಂದದ್ದು 155. ಅವು ಕೆಲಸಕ್ಕೆ ಬಾರವೆಂದು ಸೇನೆ ತಳ್ಳಿಹಾಕಿತು. ಪಾರ್ಲಿಮೆಂಟಿನಲ್ಲಿ ವರ್ಷಗಟ್ಟಲೆ ಗದ್ದಲವಾಗಿ, 1955ರಲ್ಲಿ ಸರ್ಕಾರ ಆ ಪ್ರಕರಣವನ್ನು ಮುಚ್ಚಿತು. ಸ್ವತಂತ್ರ ಭಾರತದ ಮೊದಲ ಹಗರಣವೆಂದು ಹೆಸರಾದದ್ದು ಹಳೆಯ ಜೀಪಿನ ರಿಪೇರಿಯ ಮಾತೇ ಆಗಿತ್ತೆಂಬುದನ್ನು ಇಂದು ಎಷ್ಟು ಜನ ನೆನೆಯುತ್ತಾರೆ?

1949ರಲ್ಲಿ ಮುಂಬಯಿಯ ಮಜಗಾಂವಿನಲ್ಲಿ ಮಹೀಂದ್ರ ಕಂಪೆನಿಯವರು ವಿಲಿಸ್ ಭಾಗಗಳನ್ನು ತರಿಸಿ ಜೀಪು ಜೋಡಿಸತೊಡಗಿದರು. ಬರಬರುತ್ತ ಇಲ್ಲಿಯೇ ತಯಾರಿಸಿದರು. 1952ರ ಅಕ್ಟೋಬರ್ 2ರಂದು ಸಮುದಾಯ ಅಭಿವೃದ್ಧಿ ಯೋಜನೆ ಆರಂಭವಾಯಿತು. ಅಲ್ಲಿಂದ ಮುಂದೆ ಬ್ಲಾಕ್ ಅಧಿಕಾರಿಯ ಜೀಪಿನ ಧೂಳು ಕಾಣದ ಹಳ್ಳಿಯೇ ಅಪರೂಪವಾಯಿತು. ಎತ್ತರದ ಬಾನೆಟ್ಟಿನ ‘ಸಿ ಜೆ 3 ಬಿ’ ಮಾದರಿಯನ್ನು ಅಮೆರಿಕದವರು 1968ರಲ್ಲಿ ನಿಲ್ಲಿಸಿದರೂ ನಮ್ಮಲ್ಲಿ ಅದು ಬಹುಕಾಲ ನಡೆಯಿತು. ಪೆಟ್ರೋಲು ದುಬಾರಿಯಾದ ಮೇಲೆ ಅನೇಕರು ಹಳೆಯ ಎಂಜಿನ್ನು ಕಿತ್ತು ಡೀಸೆಲ್ ಎಂಜಿನ್ನು ಕೂಡಿಸಿದರು. ಆದುದರಿಂದ ಯುದ್ಧಕಾಲದ ಎಂಜಿನ್ನು ಉಳಿಸಿಕೊಂಡ ಜೀಪು ಇಂದು ವಿರಳ. ಭಾವನವರ ತಂದೆ 1964ರಲ್ಲಿ ಒಬ್ಬ ಕಾಫಿ ತೋಟದವರಿಂದ ಕೊಂಡ ಈ ಜೀಪು ಅಂಥ ವಿರಳಗಳಲ್ಲಿ ಒಂದು.

ಇನ್ನು ರೋಗಗಳ ಮಾತು. ಮೊದಲನೆಯದು ಬೆಳಗಿನ ನರಳಾಟ. ಯುದ್ಧಕಾಲದ ಜೀಪಿನದು ಆರು ವೋಲ್ಟಿನ ವಿದ್ಯುತ್ತು. ಹಿರಿಯರ ಕಾಲದಲ್ಲಿ ಯಾರೋ ಅದನ್ನು ಹನ್ನೆರಡಕ್ಕೆ ಏರಿಸಿದ್ದರು. ಮೂಲದಂತೆಯೇ ಇರಲೆಂದು ಭಾವನವರು ಮತ್ತೆ ಆರಕ್ಕೆ ಇಳಿಸಿದರು. ಆದರೆ ಬ್ಯಾಟರಿಯ ತಂತಿ ಮಾತ್ರ ಹನ್ನೆರಡರ ಕಾಲದ್ದೇ ಉಳಿಯಿತು. ವೋಲ್ಟು ಅರ್ಧವಾದರೆ ಅಷ್ಟೇ ಕೆಲಸಕ್ಕೆ ಎರಡರಷ್ಟು ಕರೆಂಟು ಹರಿಯಬೇಕು. ಆ ಹೊಳೆಗೆ ಈ ತೆಳು ಕಾಲುವೆ ಸಾಲದು. ಹೆಬ್ಬೆರಳು ಗಾತ್ರದ ತಂತಿ ಹಾಕಿ, ಎಂಜಿನ್ನಿಗೂ ಚಾಸಿಗೂ ನಡುವಿನ ಅರ್ತಿನ ಪಟ್ಟಿಯ ಕೆಳಗಿದ್ದ ಬಣ್ಣವನ್ನೂ ತುಕ್ಕನ್ನೂ ಲೋಹ ಹೊಳೆಯುವ ತನಕ ಉಜ್ಜಿದ ಮೇಲೆ ಸ್ಟಾರ್ಟರು ಹರೆಯ ಬಂದಂತೆ ತಿರುಗಿತು. ಅಂದವಾಗಿ ಬಳಿದ ಬಣ್ಣವೇ ಅಲ್ಲಿ ಶತ್ರುವಾಗಿತ್ತು.

ಎರಡನೆಯದು, ದಾರಿಯಲ್ಲಿ ನಿಲ್ಲುವ ಚಾಳಿ. ಕಾರ್ಬ್ಯುರೇಟರನ್ನು ನಾಲ್ಕು ಸಲ ತೊಳೆದೆವು. ಎಥನಾಲ್ ಬೆರೆತ ಈಗಿನ ಪೆಟ್ರೋಲಿಗೆ ಹಳೆಯ ರಬ್ಬರು ತಾಳದೆಂದು ಪಂಪಿನ ಡಯಾಫ್ರಮನ್ನೂ ಬದಲಿಸಿದೆವು. ಏನೂ ಆಗಲಿಲ್ಲ. ಕೊನೆಗೆ ಪೇಟೆಯ ಮುದುಕ ಮೇಸ್ತ್ರಿ ಬಂದರು. ಜೀಪು ನಿಂತ ಕೂಡಲೆ ಬಾನೆಟ್ಟು ಎತ್ತಲಿಲ್ಲ. “ಸ್ವಾಮಿ, ನೀವು ಸ್ವಲ್ಪ ಏಳಿ” ಎಂದು ಭಾವನವರನ್ನು ಎಬ್ಬಿಸಿದರು. ಜಾಗ ಉಳಿಸುವುದಕ್ಕಾಗಿ ಪೆಟ್ರೋಲಿನ ಟ್ಯಾಂಕನ್ನು ಡ್ರೈವರನ ಸೀಟಿನ ಅಡಿಯಲ್ಲಿಯೇ ಇಟ್ಟ ಗಾಡಿ ಇದು. ಮೇಸ್ತ್ರಿ ಮುಚ್ಚಳ ತಿರುಗಿಸಿದರು. ‘ಉಸ್’ ಎಂದು ಗಾಳಿ ಒಳಗೆ ನುಗ್ಗಿತು, ಜೀಪು ಹೊರಟಿತು! ಗುಜರಿಯಲ್ಲಿ ಕೊಂಡ ಮುಚ್ಚಳಕ್ಕೆ ಉಸಿರಾಡುವ ತೂತು ಇರಲಿಲ್ಲ. ಪೆಟ್ರೋಲು ಹೊರಗೆ ಹೋದಷ್ಟೂ ಗಾಳಿ ಒಳಗೆ ಬಾರದಿದ್ದರೆ ಪಂಪು ತಾನೆ ಏನು ಮಾಡೀತು?

ಆಯಿಲಿನ ಕಥೆಯೂ ಉಸಿರಿನದೇ. ಹಿಂದಿನ ಸೀಲನ್ನು ಎರಡು ಸಲ ಬದಲಿಸಿದರೂ ತೊಟ್ಟಿಕ್ಕುವುದು ನಿಲ್ಲಲಿಲ್ಲ. ಎಂಜಿನ್ನಿನ ಹೊಟ್ಟೆಯ ಆವಿಯನ್ನು ಹೊರಗೆ ಸೆಳೆಯುವ ಪುಟ್ಟ ಕವಾಟವೊಂದಿದೆ. ಅದು ಮಸಿಗಟ್ಟಿ ಮುಚ್ಚಿತ್ತು. ಒಳಗಿನ ಒತ್ತಡ ಯಾವ ಸೀಲನ್ನೂ ಲೆಕ್ಕಿಸದೆ ಆಯಿಲನ್ನು ಹೊರಗೆ ದಬ್ಬುತ್ತಿತ್ತು. ಕವಾಟ ತೊಳೆದ ಮೇಲೆ ಆ ಜಾಗ ಒಣಗಿತು. ಕೈಬ್ರೇಕು ಹಿಡಿಯದಿದ್ದುದಕ್ಕೂ ಮದ್ದು ಬ್ರೇಕಿನಲ್ಲಿರಲಿಲ್ಲ. ಜೀಪಿನ ಕೈಬ್ರೇಕು ಚಕ್ರದಲ್ಲಿಲ್ಲ. ನಾಲ್ಕು ಚಕ್ರಗಳಿಗೆ ಬಲ ಹಂಚುವ ಗೇರುಪೆಟ್ಟಿಗೆಯ ಹಿಂದೆ, ತಿರುಗುವ ದಂಡದ ಮೇಲೆ ಇದೆ. ಆ ಪೆಟ್ಟಿಗೆಯ ಸೀಲು ಸೋರಿದರೆ ಬ್ರೇಕಿಗೆ ಎಣ್ಣೆಸ್ನಾನವಾದಂತೆಯೇ.

ನಾಲ್ಕು ಚಕ್ರದ ಲಿವರು ಸಿಕ್ಕಿಹಾಕಿಕೊಳ್ಳುವುದು ಇನ್ನೊಂದು. ಹಿಂದಿನ ಚಕ್ರಕ್ಕೆ ಹೊಸ ಟೈರು, ಮುಂದಿನದಕ್ಕೆ ಸವೆದ ಟೈರು, ಸುತ್ತಳತೆಯಲ್ಲಿ ವ್ಯತ್ಯಾಸ. ಮುಂದಿನ ಮತ್ತು ಹಿಂದಿನ ಚಕ್ರಗಳ ಓಟದಲ್ಲಿ ವ್ಯತ್ಯಾಸವಾದರೆ ಅದನ್ನು ಸರಿದೂಗಿಸುವ ಏರ್ಪಾಡು ಈ ಜೀಪಿನಲ್ಲಿಲ್ಲ. ಕೆಸರಿನಲ್ಲಿ ಚಕ್ರ ಜಾರಿ ಅದು ತಾನಾಗಿ ಸರಿಹೋಗುತ್ತದೆ. ಟಾರು ರಸ್ತೆಯಲ್ಲಿ ಜಾರಲಾರದೆ ಗೇರುಗಳು ಹಗ್ಗದಂತೆ ಹೊಸೆದುಕೊಳ್ಳುತ್ತವೆ. ನಾಲ್ಕು ಅಡಿ ಹಿಂದಕ್ಕೆ ಬಿಟ್ಟರೆ ಲಿವರು ಸಡಿಲವಾಗುತ್ತದೆ. ಯುದ್ಧಭೂಮಿಗೆಂದು ಮಾಡಿದ್ದನ್ನು ಟಾರಿನ ಮೇಲೆ ಓಡಿಸುವವರು ನೆನಪಿಡತಕ್ಕ ಮಾತು ಇದು. ತುಕ್ಕಿನದು ಎಲ್ಲಕ್ಕಿಂತ ಹಠಮಾರಿ. ನೆಲದ ತಗಡಿಗೆ ಬೆಸುಗೆ ಹಾಕಿದ ಎರಡೇ ಮಳೆಗಾಲಕ್ಕೆ ಅದು ಮತ್ತೆ ತೂತಾಗಿತ್ತು. ತಗಡನ್ನು ಹೊರುವ ಕಬ್ಬಿಣದ ದೋಣಿಗಳನ್ನು ಬಿಚ್ಚಿ ನೋಡಿದರೆ, ಒಳಗೆ 1940ರ ದಶಕದ ಮರದ ಪಟ್ಟಿ! ಆ ಮರ ಮಲೆನಾಡಿನ ಮಳೆಯನ್ನು ಸ್ಪಂಜಿನಂತೆ ಕುಡಿದು ವರ್ಷವಿಡೀ ತಗಡನ್ನು ಒದ್ದೆಯಾಗಿಟ್ಟಿತ್ತು.

ಹೀಗೆ ರೋಗಗಳು ಒಂದೊಂದಾಗಿ ಇಳಿದುವು. ಆಮೇಲೆ ನಿಜವಾದ ಕಷ್ಟ ಎದುರಾಯಿತು. 2021ರ ಕೇಂದ್ರ ನಿಯಮದಂತೆ 50 ವರ್ಷ ಮೀರಿದ, ಮೂಲರೂಪ ಕೆಡದ, ಚಾಸಿ, ಮೈ, ಎಂಜಿನ್ನುಗಳಲ್ಲಿ ಮಾರ್ಪಾಡಾಗದ ವಾಹನಗಳಿಗೆ ‘ವಿ ಎ’ ಅಕ್ಷರಗಳಿರುವ ಪ್ರತ್ಯೇಕ ನೋಂದಣಿ ಸಿಗುತ್ತದೆ. ಭಾವನವರಿಗೆ ಅದರ ಆಸೆ ಹತ್ತಿತು. ಜೀಪನ್ನು 1944ರಲ್ಲಿ ಇದ್ದಂತೆ ಮಾಡಿ, ಬಾನೆಟ್ಟಿನ ಮೇಲೆ ಅಮೆರಿಕದ ಬಿಳಿ ನಕ್ಷತ್ರ ಬರೆಸಬೇಕೆಂದು ಅಚ್ಚನ್ನೂ ತಂದಿಟ್ಟರು. ಹಾಗೆ ಮಾಡುವುದಾದರೆ, ಅವರ ತಂದೆ ಊರಿನ ಕಮ್ಮಾರನ ಕೈಯಲ್ಲಿ ಮಾಡಿಸಿ ಹಿಂದಿನ ಸೀಟಿನ ಮುಂದೆ ಬೋಲ್ಟು ಹಾಕಿ ಬಿಗಿದಿದ್ದ ಒಂದು ಕಬ್ಬಿಣದ ಸರಳನ್ನು ಕಿತ್ತೊಗೆಯಬೇಕು.

ಭಾವನವರ ತಾಯಿ ಜಗಲಿಯಿಂದ ನೋಡುತ್ತಿದ್ದರು. “ಅದನ್ಯಾಕೋ ತೆಗೀತೀಯಾ?” ಎಂದರು. “ಇದು ಮೊದಲು ಇರಲಿಲ್ಲವಂತೆ, ಅಮ್ಮ.” “ಮೊದಲು ನೀನೂ ಇರಲಿಲ್ಲ. ನೀನು ಹುಟ್ಟಿದ ರಾತ್ರಿ, ಆ ಆಷಾಢದ ಮಳೆಯಲ್ಲಿ, ಆಸ್ಪತ್ರೆ ಮುಟ್ಟೋ ತನಕ ನಾನು ಹಿಡ್ಕೊಂಡದ್ದು ಅದನ್ನೇ.” ಇಷ್ಟು ಹೇಳಿ ಅವರು ಒಳಗೆ ಹೋದರು. ಭಾವನವರು ಸ್ಪ್ಯಾನರನ್ನು ಕೆಳಗಿಟ್ಟರು.

ಚರಿತ್ರೆಯೆಂದರೆ ಕಾರ್ಖಾನೆಯಿಂದ ಹೊರಬಿದ್ದ ದಿನದ ರೂಪ ಮಾತ್ರವೇ, ಅಥವಾ ಆ ಮೇಲೆ ಬಾಳಿದ ಬಾಳೂ ಸೇರಿಯೆ? ನನಗೆ ತೋರುವುದು ಇಷ್ಟು. ಪ್ರಾಣಕ್ಕೆ ಸಂಬಂಧಿಸಿದ್ದನ್ನು, ಎಂದರೆ ಬ್ರೇಕು, ಸ್ಟಿಯರಿಂಗು, ತಂತಿ, ಟೈರುಗಳನ್ನು, ಹಿಂದುಮುಂದು ನೋಡದೆ ಹೊಸದು ಮಾಡಬೇಕು. ರೋಗದ ಮೂಲವನ್ನು ಹುಡುಕಿ ಸರಿಪಡಿಸಬೇಕು. ಯಾರಿಗೂ ತೊಂದರೆ ಮಾಡದ ಗಾಯದ ಗುರುತುಗಳನ್ನು ಮಾತ್ರ ಅಳಿಸಬಾರದು. ಹುಟ್ಟಿದ ವರ್ಷದಿಂದಲೇ ಕಂಡವರ ಅಂಗಾಂಗಗಳನ್ನು ಕೂಡಿಸಿಕೊಂಡು ಬದುಕಿದ ಗಾಡಿಗೆ ಇದಕ್ಕಿಂತ ಬೇರೆ ಶುದ್ಧಿ ಏತಕ್ಕೆ?

ನಕ್ಷತ್ರದ ಅಚ್ಚು ಈಗ ಅಟ್ಟದ ಮೇಲಿದೆ. ನೋಂದಣಿಯ ಅರ್ಜಿಯೊಡನೆ ಲಗತ್ತಿಸಲೆಂದು ನಾಲ್ಕೂ ಕಡೆಯಿಂದ ತೆಗೆದ ಪಟಗಳಲ್ಲಿ ಸರಳು ಸ್ಪಷ್ಟವಾಗಿ ಕಾಣುತ್ತದೆ. ಅಧಿಕಾರಿಗಳು ಕೇಳಿದರೆ ಏನು ಹೇಳುತ್ತೀರಿ ಎಂದು ಭಾವನವರನ್ನು ಕೇಳಿದೆ. “ಇದ್ದದ್ದನ್ನೇ ಹೇಳುತ್ತೇನೆ” ಎಂದರು.